ಹೊಲಿಗೆಯ ಮೇಲೆ ಕಟ್ಟಿದ ಉಡದಾರ

ಹೊಟ್ಟೆಯ ಆಪರೇಶನ್ ಆದವರನ್ನು ಡಾಕ್ಟರು ತಪ್ಪದೆ ಕೇಳುವ ಒಂದು ಮಾತಿದೆ: ಗಾಯಕ್ಕೆ ಏನಾದರೂ ಹಚ್ಚಿದ್ದೀರಾ, ಕಟ್ಟಿದ್ದೀರಾ? ನನ್ನನ್ನೂ ಕೇಳಿದರು. ಇಲ್ಲ ಎಂದೆ. ಆ ಸುಳ್ಳಿನಿಂದ ನನ್ನ ಹೊಟ್ಟೆಗೆ ಎರಡನೆಯ ಸಲ ಕತ್ತರಿ ಬಿತ್ತು. ಅದು ನನ್ನ ಕರ್ಮ, ಅನುಭವಿಸಿದೆ. ಆದರೆ ಅದೇ ಸುಳ್ಳಿನಿಂದ ಏನೂ ತಪ್ಪು ಮಾಡದ ನನ್ನ ಸೊಸೆ ಮನೆ ಬಿಟ್ಟು ಹೋಗಬೇಕಾಯಿತು. ಹರ್ನಿಯಾ ಆದವರು ಇದನ್ನು ಓದಿದರೆ ಧೈರ್ಯ ಬರಲಿ ಎಂದು ಬರೆಯಲು ಕುಳಿತೆ. ಬರೆಯುತ್ತ ಹೋದಂತೆ ಇದು ಕಾಯಿಲೆಗಿಂತ ಹೆಚ್ಚಾಗಿ ನನ್ನ ತಪ್ಪಿನ ಕಥೆಯಾಯಿತು.

ನಾನು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯವನು. ಹೈಸ್ಕೂಲು ಮುಗಿಸಿದ್ದೇ ತಡ, ಅಪ್ಪ ನನ್ನನ್ನು ಹಿಟ್ಟಿನ ಗಿರಣಿಗೆ ಹಚ್ಚಿದ. ಅಂದಿನಿಂದ ಜೋಳ, ಗೋಧಿ, ಕಡಲೆಯ ಚೀಲಗಳನ್ನು ಎತ್ತಿ ಗಿರಣಿಯ ಬಾಯಿಗೆ ಸುರಿಯುತ್ತಲೇ ಮುದುಕನಾದೆ. ಹೆಂಡತಿ ತೀರಿಕೊಂಡಿದ್ದಾಳೆ. ಮನೆಗೆ ಅಂಟಿಕೊಂಡೇ ಇರುವ ಗಿರಣಿಯನ್ನು ಈಗ ಮಗ ನಿಂಗರಾಜ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಅವನು, ಸೊಸೆ, ನಾನು. ನನಗೆ ಕಾಯಿಲೆ ಬಂದ ಮೇಲೆ ಸವಣೂರು ಕಡೆಯ ಹತ್ತಿಮತ್ತೂರಿನಿಂದ ನನ್ನ ಅಕ್ಕ ಚೆನ್ನವ್ವ ಬಂದು ನಿಂತಳು. ಅವಳು ವಿಧವೆ. ನನ್ನನ್ನು ಎತ್ತಿ ಆಡಿಸಿದವಳು. ಇಂದಿಗೂ ನನ್ನನ್ನು ಎತ್ತಿಕೊಂಡೇ ಇದ್ದೇನೆಂದು ತಿಳಿದವಳು.

ಹೊಕ್ಕಳ ಕೆಳಗೆ ಲಿಂಬೆಹಣ್ಣಿನಷ್ಟು ಗಂಟು ಬಹಳ ವರ್ಷಗಳಿಂದ ಇತ್ತು. ನಿಂತರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಸರಿಯುತ್ತಿತ್ತು. ಅದಕ್ಕೂ ನನಗೂ ಒಂದು ರೀತಿಯ ಒಪ್ಪಂದವಿತ್ತು. ಒಂದು ದಿನ ಗಿರಣಿಯಲ್ಲಿ ಚೀಲ ಎತ್ತಿದಾಗ ಹೊರಗೆ ಬಂದದ್ದು ಮಲಗಿದರೂ ಒಳಗೆ ಹೋಗಲಿಲ್ಲ. ವಾಂತಿ ಶುರುವಾಯಿತು. ಮಗ ಸಾಮಾನಿನ ಗಾಡಿಯಲ್ಲೇ ಮಲಗಿಸಿಕೊಂಡು ಶಿಗ್ಗಾವಿಯ ಆಸ್ಪತ್ರೆಗೆ ಒಯ್ದ. ಇಂಜೆಕ್ಷನ್ ಕೊಟ್ಟು ಮಲಗಿಸಿದ ಮೇಲೆ ಅದು ಮೆಲ್ಲಗೆ ಒಳಗೆ ಸರಿಯಿತು.

"ಈ ಸಲ ನಿಮ್ಮ ಕರುಳು ನಿಮ್ಮ ಮಾತು ಕೇಳೇತಿ. ಮುಂದಿನ ಸಲ ಕೇಳೂದಿಲ್ಲ. ಆಪರೇಶನ್ ಮಾಡಸ್ಕೊಳ್ರಿ" ಎಂದರು ಡಾಕ್ಟರು.

ಹೊಟ್ಟೆಯ ಗೋಡೆಗೆ ಒಳಗಿನಿಂದ ಮೆಶ್ ಅಂದರೆ ಜಾಳಿಗೆ ಕೂರಿಸುತ್ತೇವೆ ಎಂದರು. ಆಮೇಲೆ ಏನೇನು ಆಗಬಹುದು ಎನ್ನುವುದನ್ನೂ ಮುಚ್ಚಿಡದೆ ಹೇಳಿದರು. ಮೂತ್ರ ಕಟ್ಟಬಹುದು, ಗಾಯದಲ್ಲಿ ನೀರು ತುಂಬಬಹುದು, ಕೀವಾಗಬಹುದು, ಜಾಳಿಗೆಗೆ ಸೋಂಕು ತಗುಲಿದರೆ ತೆಗೆಯಬೇಕಾಗಬಹುದು, ಗಂಟು ಮತ್ತೆ ಬಂದರೂ ಬರಬಹುದು. ಮಗ ತಲೆಯಾಡಿಸುತ್ತ ಕೇಳಿಸಿಕೊಂಡ. ನಾನು ಕೇಳಿಸಿಕೊಂಡೆ ಎಂದು ಹೇಳಲಾರೆ. ಹೆದರಿದವನ ಕಿವಿ ತನಗೆ ಬೇಕಾದ್ದನ್ನೂ ಕೇಳುವುದಿಲ್ಲ.

ಆಪರೇಶನ್ ಕೋಣೆಗೆ ಒಯ್ಯುವ ಮೊದಲು ನರ್ಸಮ್ಮ ಕತ್ತರಿ ಹಿಡಿದು ಬಂದಳು.

"ಅಜ್ಜಾರ, ಮೈಮ್ಯಾಲಿಂದು ಎಲ್ಲಾ ತಗೀಬೇಕ್ರಿ. ಉಂಗುರ, ತಾಯತ, ಉಡದಾರ."

"ಉಡದಾರ ಒಂದ ಬಿಡವಾ ತಂಗಿ."

"ಕೊಯ್ಯೂದು ಅಲ್ಲೇ ಐತಲ್ರಿ. ಅದನ್ನ ಬಿಡು ಅಂದ್ರ ಡಾಕ್ಟರು ಬೆನ್ನು ಕೊಯ್ಬೇಕಾಕ್ಕತಿ."

ಪಕ್ಕದ ಮಂಚದವರು ನಕ್ಕರು. ನಾನೂ ನಕ್ಕಂತೆ ಮಾಡಿದೆ. ದಾರ ಕತ್ತರಿಸಿ ಬುಟ್ಟಿಗೆ ಹಾಕಿದಳು.

ನಮ್ಮ ಕಡೆಯ ಗಂಡಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಟ್ಟಿಲಲ್ಲಿ ಇದ್ದಾಗ ಕಟ್ಟಿದ ಸೊಂಟದ ದಾರ ಅದು. ಹಳತಾದರೆ ಹೊಸದನ್ನು ಮೊದಲು ಕಟ್ಟಿಕೊಂಡು ಆಮೇಲೆ ಹಳೆಯದನ್ನು ಬಿಚ್ಚುತ್ತೇವೆ. ಸೊಂಟ ಒಂದು ಗಳಿಗೆಯೂ ಬರಿದಾಗಬಾರದು. ಬರಿದಾಗುವುದು ಹೆಣದ ಸೊಂಟ ಮಾತ್ರ. ನನ್ನ ಅಪ್ಪ ಸತ್ತಾಗ ಕಡೆಯ ಸ್ನಾನಕ್ಕೆ ಮೊದಲು ಅವನ ಉಡದಾರ ಹರಿದ ಕೈ ನನ್ನದೇ. ಆಪರೇಶನ್ ಕೋಣೆಯ ತಣ್ಣನೆಯ ಮೇಜಿನ ಮೇಲೆ ಮಲಗಿದಾಗ ನನ್ನ ಕೈ ತಾನಾಗಿ ಸೊಂಟ ತಡಕಿತು. ಅಲ್ಲಿ ಏನೂ ಇರಲಿಲ್ಲ. ಬೆನ್ನಿಗೆ ಸೂಜಿ ಚುಚ್ಚಿದ ನೋವಿಗಿಂತ ಆ ಬರಿದು ನನ್ನನ್ನು ಹೆಚ್ಚು ನಡುಗಿಸಿತು.

ಆಪರೇಶನ್ ಚೆನ್ನಾಗಿಯೇ ಆಯಿತು. ಕಾಲುಗಳು ಬಹಳ ಹೊತ್ತು ಬೇರೆಯವರ ಕಾಲುಗಳಂತೆ ಬಿದ್ದಿದ್ದವು. ಮೂತ್ರ ಕಟ್ಟಿತು, ನಳಿಕೆ ಹಾಕಿದರು, ನಾಚಿಕೆಯೂ ಅದರೊಂದಿಗೇ ಹರಿದು ಹೋಯಿತು. ಪಕ್ಕದ ಮಂಚದಲ್ಲಿ ಹಾನಗಲ್ಲಿನ ಒಬ್ಬ ಹಿರಿಯರಿದ್ದರು. ಅವರಿಗೂ ಇದೇ ಆಪರೇಶನ್. "ಯಾರೂ ನಗಸಬ್ಯಾಡ್ರಪಾ, ಹೊಲಿಗಿ ಬಿಚ್ಚತಾವು" ಎಂದು ಅವರೇ ಎಲ್ಲರನ್ನೂ ನಗಿಸುತ್ತಿದ್ದರು. ಮೊದಲ ಸಲ ಕೆಮ್ಮು ಬಂದಾಗ ಹೊಟ್ಟೆ ಹರಿದೇಹೋಯಿತು ಎಂದುಕೊಂಡೆ. ಸೊಸೆ ಓಡಿ ಬಂದು ದಿಂಬನ್ನು ಹೊಟ್ಟೆಗೆ ಒತ್ತಿ, "ಹಿಂಗ ಅವಚಿ ಹಿಡ್ಕೊಂಡು ಕೆಮ್ಮರಿ ಮಾವಾರ" ಎಂದು ತೋರಿಸಿಕೊಟ್ಟಳು. ನರ್ಸಮ್ಮನಿಂದ ಕಲಿತಿದ್ದಳಂತೆ. ಬೆಳಗಿನ ಬಸ್ಸಿಗೆ ಹಿರೇಬೆಂಡಿಗೇರಿಯಿಂದ ಗಂಜಿ ತರುತ್ತಿದ್ದವಳೂ ಅವಳೇ. ಡಬ್ಬಿಗೆ ಟವೆಲು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದಳು. ಮುಚ್ಚಳ ತೆಗೆದರೆ ಇನ್ನೂ ಹಬೆ ಏಳುತ್ತಿತ್ತು.

ಮನೆಗೆ ಬಂದ ಮೇಲೆ ಎಲ್ಲರೂ ಹೊರಗಿದ್ದ ಒಂದು ಮಧ್ಯಾಹ್ನ ಗಿರಣಿಗೆ ಹೋದೆ. ಚೀಲದ ಬಾಯಿ ಹೊಲಿಯುವ ಗೋಣಿದಾರ ಗೂಟಕ್ಕೆ ನೇತುಬಿದ್ದಿತ್ತು. ಒಂದು ತುಂಡು ಹರಿದು, ಎಣ್ಣೆ ಕುಂಕುಮ ಸವರಿ, ದೇವರಿಗೆ ಕೈಮುಗಿದು ಸೊಂಟಕ್ಕೆ ಕಟ್ಟಿಕೊಂಡೆ. ಅಂಗಡಿಯ ಕರಿದಾರ ತರಿಸಬೇಕೆಂದರೆ ಯಾರಿಗಾದರೂ ಹೇಳಬೇಕು. ಹೇಳಿದರೆ ಡಾಕ್ಟರಿಗೆ ಗೊತ್ತಾಗುತ್ತದೆ. ಅಮಾವಾಸ್ಯೆ ಬರಲಿ, ಒಳ್ಳೆಯ ದಾರ ಕಟ್ಟಿಕೊಂಡರಾಯಿತು ಎಂದುಕೊಂಡೆ. ಹೊಟ್ಟೆ ಇಳಿಬಿದ್ದ ಮುದುಕನ ಉಡದಾರ ನಿಂತಲ್ಲಿ ನಿಲ್ಲುವುದಿಲ್ಲ. ಅದು ಜಾರಿ ಸರಿಯಾಗಿ ಹೊಲಿಗೆಯ ಕೆಳತುದಿಯ ಮೇಲೆ ಕೂತಿತು. ಅದರ ಮೇಲೆ ಡಾಕ್ಟರು ಕೊಟ್ಟ ಹೊಟ್ಟೆಪಟ್ಟಿಯನ್ನು ಬಿಗಿದೆ. ಯಾರಿಗೂ ಕಾಣಲಿಲ್ಲ. ನನಗೆ ಮಾತ್ರ ಮತ್ತೆ ಜೀವಂತನಾದೆ ಅನ್ನಿಸಿತು.

ಹೊಲಿಗೆ ಬಿಚ್ಚಿಸಲು ಹೋದ ದಿನ ಆಸ್ಪತ್ರೆಯ ಪಾಯಖಾನೆಯಲ್ಲಿ ದಾರ ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡೆ. ತೋರಿಸಿ ಬಂದ ಮೇಲೆ ಅಲ್ಲೇ ಮತ್ತೆ ಕಟ್ಟಿಕೊಂಡೆ. ಕಳ್ಳನಿಗೂ ಇಷ್ಟು ಜಾಣತನ ಇರಲಿಕ್ಕಿಲ್ಲ.

ಬಿಸಿಲ ದಿನಗಳು. ಪಟ್ಟಿಯ ಒಳಗೆ ಬೆವರು. ದಾರ ಒದ್ದೆಯಾಗಿ ಉಜ್ಜತೊಡಗಿತು. ಗಾಯದ ತುದಿ ಕೆಂಪಾಯಿತು, ಬಿಸಿಯಾಯಿತು, ಆಮೇಲೆ ನೀರು ಜಿನುಗಿತು. ಇದೇ ಹೊತ್ತಿನಲ್ಲಿ ನನಗೆ ಎಣ್ಣೆಗಾಯಿ ತಿನ್ನುವ ಚಪಲ ಹುಟ್ಟಿತು.

"ಬದನಿಕಾಯಿ ನಂಜು ಅಂತ ಚೆನ್ನವ್ವ ಅತ್ತಿ ಬೈತಾರ್ರಿ ಮಾವಾರ" ಎಂದಳು ಸೊಸೆ.

"ನಿಮ್ಮತ್ತಿ ಗುಡಿಗೆ ಹೋಗ್ಯಾಳ. ರೊಟ್ಟಿ ಸಪ್ಪಗ ತಿಂದು ತಿಂದು ನಾಲಿಗಿ ಸತ್ತೈತಿ. ಎರಡು ಕಾಯಿ ಮಾಡವಾ."

ಮಾಡಿದಳು. ತಿಂದೆ. ಬೆರಳು ನೆಕ್ಕಿ ತಿಂದೆ.

ಮರುದಿನ ಜ್ವರ ಏರಿತು. ಪಟ್ಟಿಯ ಮೇಲೆ ಹಳದಿ ಕಲೆ ಕಂಡು ಅಕ್ಕ ಕೂಗಿಕೊಂಡಳು. ಮಗ ಗಾಡಿ ತರುವಷ್ಟರಲ್ಲಿ ನಾನು ದಾರ ಬಿಚ್ಚಿ ಹಾಸಿಗೆಯ ಕೆಳಗೆ ತುರುಕಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ಒತ್ತಿದಾಗ ಕೀವು ಬಂತು. ಆಗಲೇ ಆ ಪ್ರಶ್ನೆ ಕೇಳಿದರು. "ಏನರ ಹಚ್ಚಿದ್ರ್ಯಾ? ಕಟ್ಟಿದ್ರ್ಯಾ? ಭಾರ ಎತ್ತಿದ್ರ್ಯಾ?"

"ಇಲ್ಲರಿ."

ಅಕ್ಕ ಮುಂದೆ ಬಂದಳು. "ಅವನ್ನೇನ್ ಕೇಳ್ತೀರ್ರಿ ಸಾಹೇಬ್ರ, ನನ್ನ ಕೇಳ್ರಿ. ಒಲಿ ಮ್ಯಾಲಿನ ಬೋಗಾಣಿ ನಾನ ನೋಡೇನಿ. ಇವನ ಸೊಸಿ ಬದನಿಕಾಯಿ ತಿನ್ನಿಸ್ಯಾಳ."

"ಬದನಿಕಾಯಿಗೂ ಕೀವಿಗೂ ಸಂಬಂಧ ಇಲ್ಲಬೇ ಅಮ್ಮಾ."

ಹೊರಗೆ ಬಂದ ಮೇಲೆ ಅಕ್ಕ ಮೂಗು ಮುರಿದಳು. "ಹಂಗ ಅಂತಾನ. ಅವನ ಮನ್ಯಾಗೂ ಅದನ್ನ ಮಾಡ್ತಿರಬೇಕು."

ಕಾಯುವ ಬೆಂಚಿನ ಮೇಲೆ ಮಗ ನನ್ನ ಕಡೆ ತಿರುಗಿದ. "ಖರೇ ಹೇಳಪಾ. ತಿಂದಿಯೇನ?"

ನಾನು ತಲೆಯಾಡಿಸಿದೆ. ತಿಂದದ್ದು ನಿಜವೇ ಆಗಿತ್ತು. ಕೇಳಿ ಮಾಡಿಸಿಕೊಂಡೆ ಎಂದು ಹೇಳಲಿಲ್ಲ. ಹಾಸಿಗೆಯ ಕೆಳಗಿನ ದಾರದ ಮಾತಂತೂ ಎತ್ತಲೇ ಇಲ್ಲ. ಅವನಿಗೂ ಸುಳ್ಳನ್ನೇ ಹೇಳಿದ್ದರೆ ಒಂದು ದಿನ ಸಿಕ್ಕಿಬೀಳುತ್ತಿದ್ದೆನೇನೋ. ನಿಜದ ಒಂದು ತುಂಡನ್ನು ಮುರಿದು ಕೊಟ್ಟೆ, ಅದು ಸುಳ್ಳಿಗಿಂತ ಗಟ್ಟಿಯಾಗಿ ನಿಂತಿತು.

ಅಂದಿನಿಂದ ಸೊಸೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ನನ್ನ ತಾಟು ಅಕ್ಕನೇ ತರುತ್ತಿದ್ದಳು. ಮಗ ಹೆಂಡತಿಯೊಡನೆ ಮಾತು ಬಿಟ್ಟ. ಮಾತು ಗಿರಣಿಗೂ ಹೋಯಿತು. ಹಿಟ್ಟು ಬೀಸಿಸಲು ಬಂದ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಾಗ ಅವರಿಗೆ ಮತ್ತೇನು ಕೆಲಸ? ಕರೆಂಟ್ ಹೋಗಿ ಗಿರಣಿ ನಿಂತ ಹೊತ್ತಿನಲ್ಲಿ "ಮಾವನ ಹೊಟ್ಟಿ ಕೊಳಸಿದಾಕಿ" ಎಂದು ಒಬ್ಬಳು ಅಂದದ್ದು ಒಳಮನೆಯಲ್ಲಿ ಮಲಗಿದ್ದ ನನಗೇ ಕೇಳಿಸಿತು. ಅಲ್ಲೇ ಕಾಳು ಆರಿಸುತ್ತಿದ್ದ ಸೊಸೆಗೂ ಕೇಳಿಸಿತು. ಅವಳು ನನ್ನ ಕಡೆ ನೋಡಿದಳು. ಕೇಳಿ ಮಾಡಿಸಿಕೊಂಡವನು ನಾನು ಎಂದು ನಾನೇ ಹೇಳಲಿ ಎಂದು ಕಾದಳು. ನಾನು ಗೋಡೆಯ ಕಡೆ ಹೊರಳಿದೆ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಿಂದ ಅವಳ ಅಣ್ಣ ಬಂದು ಕರೆದಾಗ ಅಳಲಿಲ್ಲ, ಜಗಳವಾಡಲಿಲ್ಲ. "ಹೊತ್ತಿಗೆ ಸರಿಯಾಗಿ ಗುಳಿಗಿ ತಗೋರಿ" ಎಂದಷ್ಟೇ ಹೇಳಿ ಹೋದಳು.

ಗಾಯ ಮಾಯಲಿಲ್ಲ. ಗುಳಿಗೆ, ಇಂಜೆಕ್ಷನ್, ದಿನಾ ಡ್ರೆಸ್ಸಿಂಗ್. ಒಂದು ಕಡೆ ಮುಚ್ಚಿದರೆ ಮತ್ತೊಂದು ಕಡೆ ಒಡೆಯುತ್ತಿತ್ತು. ಸಕ್ಕರೆ ಕಾಯಿಲೆಯ ಪರೀಕ್ಷೆ, ಕ್ಷಯದ ಪರೀಕ್ಷೆ ಎಲ್ಲ ಆಯಿತು, ಏನೂ ಸಿಗಲಿಲ್ಲ. "ಕಾರಣ ಗೊತ್ತಾಗದಿದ್ರ ಜಾಳಿಗೀ ಪೂರ್ತಿ ತಗೀಬೇಕಾಗ್ತದ. ಅದು ಸಣ್ಣ ಆಪರೇಶನ್ ಅಲ್ಲ" ಎಂದರು ಡಾಕ್ಟರು. ಅವರ ಮುಖದಲ್ಲಿ ದಣಿವಿತ್ತು. ನನಗಾಗಿ ತಲೆ ಕೆಡಿಸಿಕೊಂಡ ಆ ಮನುಷ್ಯನನ್ನು ನಾನು ಕತ್ತಲಲ್ಲಿ ಹುಡುಕಲು ಬಿಟ್ಟಿದ್ದೆ. ಅಕ್ಕನನ್ನು ಚಹಾ ತರಲು ಕಳಿಸಿ, ಬಾಗಿಲು ಮುಂದೆ ಮಾಡಲು ಹೇಳಿ, ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ನನ್ನ ಮುತ್ಯಾನೂ ಉಡದಾರ ಬಿಡ್ತಿರಲಿಲ್ರಿ" ಎಂದರು. "ಒಂದು ಮಾತು ಹೇಳಿದ್ರ ಗಾಯ ಮಾಯೂತನಕಾ ಕೊಳ್ಳಾಗ ಕಟ್ಟಿ ಕಳಸ್ತಿದ್ದೆ. ದಾರ ತಪ್ಪಲ್ಲ. ಮುಚ್ಚಿಟ್ಟದ್ದು ತಪ್ಪು."

ಗಾಯ ತೆರೆದು ತೊಳೆದರು. ಗೋಣಿದಾರದ ಎಳೆಗಳು ಒಳಗೆ ಸೇರಿಕೊಂಡಿದ್ದವಂತೆ. ಕೆಟ್ಟ ಭಾಗದ ಜಾಳಿಗೆ ಕತ್ತರಿಸಿ ತೆಗೆದು ಉಳಿದದ್ದನ್ನು ಉಳಿಸಿದರು. ಗಾಯವನ್ನು ಹೊಲಿಯದೆ, ತಳದಿಂದ ತುಂಬಿಕೊಂಡು ಬರಲಿ ಎಂದು ಬಟ್ಟೆ ತುಂಬಿ ಬಿಟ್ಟರು. ಆ ಬಟ್ಟೆ ಬದಲಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ದಿನದಿಂದ ದಿನಕ್ಕೆ ಒಳಗೆ ಹೋಗುವ ಬಟ್ಟೆ ಕಡಿಮೆಯಾಗುತ್ತ ಬಂತು. ಇಂಥ ತೆರೆದ ಗಾಯ ನೋಡಿ ಎದೆಗುಂದಿದವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಯಿರಿ, ಅದು ತುಂಬಿಕೊಳ್ಳುತ್ತದೆ. ತಡವಾಗುತ್ತದೆ, ಆದರೆ ತುಂಬಿಕೊಳ್ಳುತ್ತದೆ.

"ಮನಿಯವರಿಗೆ ನಾನ ಹೇಳಲ್ಯಾ?" ಎಂದು ಡಾಕ್ಟರು ಕೇಳಿದ್ದರು. "ಬ್ಯಾಡ್ರಿ, ನಾನ ಹೇಳ್ತೇನಿ" ಎಂದಿದ್ದೆ. ಹೇಳಲಿಲ್ಲ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಮೊದಲು ಹೆದರಿಕೆ ಇತ್ತು. ಈಗ ಹೆದರಿಕೆಯೂ ಇರಲಿಲ್ಲ, ಬರೇ ಮರ್ಯಾದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಅಕ್ಕ ಬಡಿಸಿದ್ದನ್ನು ಉಣ್ಣುತ್ತ ಕೂತೆ.

ಗಾಯ ಮುಚ್ಚುತ್ತ ಬಂದ ಹೊತ್ತಿಗೆ ಒಂದು ಮುಂಜಾನೆ ಅಕ್ಕ ಮಗನಿಗೆ ಹೇಳುತ್ತಿದ್ದಳು. "ಹಿರ್‍ಯಾರನ್ನ ಕೂಡಸು ನಿಂಗಣ್ಣ. ಅಕಿನ್ನ ಬಿಟ್ಟಬಿಡು. ಹತ್ತಿಮತ್ತೂರಾಗ ಒಂದು ಛಲೋ ಹುಡಿಗಿ ಐತಿ."

ಮಗ ಬೇಡ ಎನ್ನಲಿಲ್ಲ. "ಅಪ್ಪನ ಜೀವಾ ತಗೀತಿದ್ಲು. ಐತವಾರ ಕೂಡಸ್ತೇನಿ" ಎಂದ.

ಒಂದು ಹೆಣ್ಣಿನ ಸಂಸಾರ ನನ್ನ ಮೌನದ ಮೇಲೆ ಮುರಿದು ಬೀಳಲಿತ್ತು. ಮಗನಿಗೆ ಅಲ್ಲೇ ಹೇಳಬಹುದಿತ್ತು. ಆದರೆ ಮೊದಲು ಹೇಳಬೇಕಾದದ್ದು ಅವಳಿಗೆ ಎನ್ನಿಸಿತು. ಪಟ್ಟಿ ಬಿಗಿದುಕೊಂಡು, ಆಸ್ಪತ್ರೆಗೆ ಎಂದು ಹೇಳಿ ಹೊರಟೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆ. ಪ್ರತಿ ಕುಳಿಗೂ ಹೊಟ್ಟೆ ಅವಚಿ ಹಿಡಿಯುತ್ತಿದ್ದೆ. ಪಕ್ಕದವನು "ಹೊಟ್ಟಿ ಕಡ್ಯಾಕತ್ತೈತೇನ್ರಿ?" ಎಂದ. "ಹೌದಪಾ, ಬಾಳ ದಿವಸದಿಂದ" ಎಂದೆ.

ಚಿಕ್ಕೇರೂರಿನಲ್ಲಿ ಬೀಗರು ಹೊರಗಿನ ಕಟ್ಟೆಯ ಮೇಲೆ ಗೋವಿನಜೋಳ ಬಿಡಿಸುತ್ತಿದ್ದರು. ಬರ್ರಿ ಅಂದರು, ಕುಂದರ್ರಿ ಅನ್ನಲಿಲ್ಲ. ಸೊಸೆ ನೀರು ತಂದು ಇಟ್ಟಳು. ನಿಂತೇ ಹೇಳಿದೆ. ದಾರ, ಕಿಸೆ, ಹಾಸಿಗೆಯ ಕೆಳಗೆ ತುರುಕಿದ್ದು, ಕೇಳಿ ಮಾಡಿಸಿಕೊಂಡ ಬದನೆಕಾಯಿ, ತಲೆಯಾಡಿಸಿದ್ದು, ಗೋಡೆಯ ಕಡೆ ಹೊರಳಿದ್ದು.

ಬೀಗರ ಕೈ ತೆನೆಯ ಮೇಲೆಯೇ ನಿಂತಿತು. "ಹಿರೇ ಮನಷ್ಯಾ ಅಂತ ಹೆಣ್ಣು ಕೊಟ್ಟಿದ್ನಲ್ರಿ" ಎಂದರು.

ಸೊಸೆ ಮಾತ್ರ ಅಚ್ಚರಿಪಡಲಿಲ್ಲ. "ಹಾಸಿಗಿ ಝಾಡಸಬೇಕಾದ್ರ ದಾರ ಸಿಕ್ಕಿತ್ರಿ ಮಾವಾರ. ಕೀವ ಹತ್ತಿತ್ತು. ಆವತ್ತ ತಿಳೀತು."

"ತಿಳದೂ ಯಾಕ ಹೇಳಲಿಲ್ಲವಾ?"

"ನಾ ಹೇಳಿದ್ರ ಯಾರು ನಂಬ್ತಿದ್ರು? ತನ್ನ ತಪ್ಪು ಮುಚ್ಚಾಕ ಮುದುಕನ ಮ್ಯಾಲ ಹಾಕ್ತಾಳ ಅಂತಿದ್ರು. ನೀವ ಹೇಳ್ತೀರಿ ಅಂತ ಕಾದೆ." ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿ ಅಂದಳು, "ಇಲ್ಲಿ ಹೇಳಿದ್ದು ಛಲೋ ಆತು. ಆದ್ರ ನನ್ನ ಹೆಸರು ಕೆಟ್ಟದ್ದು ಚಿಕ್ಕೇರೂರಾಗ ಅಲ್ಲ. ಗಿರಣ್ಯಾಗ. ಅಲ್ಲಿ ಹೇಳ್ರಿ."

ಮನೆಗೆ ಬಂದು ಮಗನಿಗೆ, ಅಕ್ಕನಿಗೆ ಹೇಳಿದೆ. ಮಗ ನನ್ನ ಮುಖ ನೋಡಲಿಲ್ಲ, ಗಾಡಿ ತೆಗೆದುಕೊಂಡು ಚಿಕ್ಕೇರೂರಿಗೆ ಹೋದ. ಎರಡು ಸಲ ಹೋದ ಮೇಲೆ ಅವಳು ಬಂದಳು. ಅಕ್ಕ ಬಹಳ ಹೊತ್ತು ಸೆರಗು ಬಾಯಿಗೆ ಹಚ್ಚಿಕೊಂಡು ಕೂತಿದ್ದಳು. ಕಡೆಗೆ, "ಆದ್ರೂ ಬದನಿಕಾಯಿ ನಂಜ ತಮ್ಮಾ" ಎಂದಳು. ಆದರೆ ಮರುದಿನ ಒಲೆಯ ಮುಂದಿನ ಮಣೆಯನ್ನು ತಾನೇ ಸೊಸೆಗೆ ಬಿಟ್ಟುಕೊಟ್ಟಳು.

ಸಂತೆಯ ಮುಂಚಿನ ದಿನ ಗಿರಣಿ ತುಂಬಿರುತ್ತದೆ. ಆ ದಿನವನ್ನೇ ಆರಿಸಿಕೊಂಡೆ. ಗಿರಣಿಯ ಸದ್ದಿನಲ್ಲಿ ನನ್ನ ದನಿ ಕೇಳುವುದಿಲ್ಲ. ಸೊಸೆಯೇ ಹೋಗಿ ಬಟನ್ ಒತ್ತಿ ನಿಲ್ಲಿಸಿದಳು. "ಯಾಕ, ಕರೆಂಟ್ ಹೋತೇನ?" ಎಂದು ಹೆಂಗಸರು ತಲೆಯೆತ್ತಿದರು. ಹಿಟ್ಟಿನ ಧೂಳು ಇಳಿಯುವ ತನಕ ನಿಂತು ಎಲ್ಲ ಹೇಳಿದೆ. ಆಮೇಲೆ ಓಣಿಯ ಹಿರಿಯಳೊಬ್ಬಳು ಕಣ್ಣೊರೆಸಿಕೊಂಡು ಅಂದಳು:

"ಎಂಥಾ ದೊಡ್ಡ ಮನಸ್ಸಪಾ ನಿಂದು. ಸೊಸಿ ಮಾನಾ ಉಳಸಾಕ ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡ್ಯಲ್ಲ."

"ಇಲ್ಲಬೇ ಯವ್ವಾ, ಖರೇನ ನಂದ ತಪ್ಪು."

"ಹೂಂ, ಹೂಂ. ದೊಡ್ಡಾರು ಹಂಗ ಅಂತಾರ."

ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಕೆಲವರು ನಂಬಿದರು, ಕೆಲವರು ನನ್ನನ್ನು ಹೊಗಳುತ್ತ ಹಿಟ್ಟು ಹೊತ್ತುಕೊಂಡು ಹೋದರು. ಅಷ್ಟು ಕಹಿಯಾದ ಹೊಗಳಿಕೆಯನ್ನು ನಾನು ಕೇಳಿಲ್ಲ. ನನ್ನ ತಪ್ಪು ಒಪ್ಪಿಕೊಂಡದ್ದರಿಂದಲೂ ನನ್ನ ಮಾನವೇ ಹೆಚ್ಚಾಗಿ, ಅವಳ ಮೇಲಿನ ಮಾತು ಇದ್ದಲ್ಲೇ ಉಳಿಯಿತು. ಸೊಸೆ ಬಟನ್ ಒತ್ತಿ ಗಿರಣಿ ಶುರು ಮಾಡಿದಳು.

ಅದಕ್ಕೇ ಈ ತಪ್ಪಿನ ಕಥೆಯನ್ನೂ ಮುಚ್ಚಿಡದೆ ಬರೆದೆ. ಬಾಯಿಮಾತನ್ನು ಜನ ತಮಗೆ ಬೇಕಾದಂತೆ ಬೀಸಿಕೊಳ್ಳುತ್ತಾರೆ, ಬರೆದದ್ದು ಹಾಗೇ ಇರುತ್ತದೆ. ಈಗ ಹೊಟ್ಟೆ ವಾಸಿಯಾಗಿದೆ. ಕೆಳಗೆ ಒಂದು ಕಡೆ ಮೆತ್ತಗಿದೆ, ಗಂಟು ಮತ್ತೆ ಬರಬಹುದು ಎಂದಿದ್ದಾರೆ. ಬಂದರೆ ಮೊದಲ ದಿನವೇ ಹೋಗಿ ತೋರಿಸುತ್ತೇನೆ, ಕೇಳಿದ್ದಕ್ಕೆಲ್ಲ ನಿಜ ಹೇಳುತ್ತೇನೆ.

ಬರೆದು ಮುಗಿಸಿ ಸೊಸೆಗೆ ಓದಲು ಕೊಟ್ಟೆ. ಅವಳು ಪಿಯುಸಿ ಓದಿದವಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಕೂತು ಓದಿದಳು.

"ಎಲ್ಲಾ ಕಡೆ ಸೊಸಿ, ಸೊಸಿ ಅಂತ ಬರದೀರಿ."

"ನಿನ್ನ ಹೆಸರು ಮಂದಿ ಬಾಯಾಗ ಬ್ಯಾಡ ಅಂತ ಬಿಟ್ಟೆನವಾ."

"ಆವಾಗ ನನ್ನ ಹೆಸರು ಹಿಡದ ಅಂದಾರ್ರಿ ಮಾವಾರ. ಈಗ್ಯಾಕ ಮುಚ್ಚತೀರಿ? ಹಾಕ್ರಿ."

ಹಾಕಿದ್ದೇನೆ. ನನ್ನ ಸೊಸೆಯ ಹೆಸರು ಸುಮಂಗಲಾ. ಅವಳ ಕೈಯ ಅಡುಗೆಯಿಂದ ನನ್ನ ಹೊಟ್ಟೆ ಕೆಟ್ಟಿರಲಿಲ್ಲ.